ಮೊದಲು ಲೋಡ್ ಹೇಳ್ರಿ

ಜತ್ತಿನ ವಿಜಾಪುರ ನಾಕಾದಾಗ ನಮ್ಮ ಅಂಗಡಿ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಲೆಕ್ಕದ ವಹಿ ಅಪ್ಪನ ಕೈಬರಹ, ಅದು ಯಾವ ಭಾಷಾನೂ ಅಲ್ಲ.
ಆಸಿಡ್ ಸಿಡಿದು ತೂತು ಬಿದ್ದ ಅವನ ಅಂಗಿ
ಇನ್ನೂ ಮೊಳಿಗೆ ತೂಗತೈತಿ.
ಮುಂಜಾನಿ ಬಿಸಲು ಅದರಾಗಿಂದ ಹಾದು
ಕೌಂಟರಿನ ಮ್ಯಾಲೆ ಚುಕ್ಕಿ ಇಡತೈತಿ.

ಹೂಗಾರ ನಿಜಗುಣಪ್ಪಕಾಕಾ ಬಂದ,
ಮೂವತ್ತೊಂದು ವರ್ಷ ಲಾಲ್ ಪರಿ ಹೊಡದಾಂವ:
ಜತ್ತ–ಪಂಢರಪುರ, ಜತ್ತ–ಮಿರಜ, ಮತ್ತ ಜತ್ತ.
ಈಗ ಗುಜರಿಯಾಗ ಹಳೆ ಅಂಬುಲೆನ್ಸ್ ತಗೊಂಡು
ಒಳಗ ಹಾಸಿಗಿ, ಒಲಿ, ಕಿಟಕಿಗೆ ಇಳಕಲ್ಲ ಸೀರಿ ಪರದೆ.
ಸೈರನ್ ಕಿತ್ತ ಜಾಗಾದಾಗ ಸೋಲಾರ್.
"ಒಂದು ಬ್ಯಾಟರಿ ಕೊಡವ್ವಾ ಮಲಿಕಾ,
ಲಾರೀದು ಆದ್ರೂ ನಡೀತೈತಿ. ಸೋವಿದು."

ನಡ್ಯಾಂಗಿಲ್ಲ ಕಾಕಾ.
ಅದು ಒಂದ ಸಲ ಒದರಿ ಇಂಜಿನ್ ಎಬ್ಬಿಸಿ ಮಲಗೋ ಜಾತಿ,
ಜಗಳಕ್ಕ ಬಂದ ಬೀಗನ ಹಂಗ.
ರಾತ್ರಿಪೂರ್ತಿ ಸಣ್ಣ ದೀಪದ ಜೋಡಿ ಕುಂಡ್ರು ಅಂದ್ರ
ನಾಕು ತಿಂಗಳಕ್ಕ ಅದರ ತಗಡು ಉದರತಾವು.
ನಿಮಗ ಬೇಕಾದ್ದು ದಪ್ಪ ತಗಡಿನದು,
ದಿನಾ ಬಾವಿ ಇಳದು ದಿನಾ ಏರಿ ಬರೂದು.
ಅದೂ ಅರ್ಧಾ ಮೆಟ್ಟಲಕ್ಕ ಹೊಳ್ಳಿ ಬಂದ್ರ ಬಾಳಿಕಿ.

ಮೊದಲು ಲೋಡ್ ಹೇಳ್ರಿ.

ಫ್ಯಾನು, ರಾತ್ರಿಗೆ ಹನ್ನೆರಡು ಆಂಪಿಯರ್-ತಾಸು.
ಎರಡು ದೀಪ, ಐದು.
ಮೊಬೈಲು, ಆಮ್ಯಾಲೆ ರೇಡಿಯೋ: ಮೂರು ಹಿಡಿ.
ಮಿಕ್ಸರ್? ಬ್ಯಾಡ. ಶೇಂಗಾಹಿಂಡಿ ಮನ್ಯಾಗ ಕುಟ್ಟಿ ಒಯ್ರಿ.
ಇಪ್ಪತ್ತು. ಅದರ ಎರಡರಷ್ಟು ನಲವತ್ತು.
ನೂರರದು ಒಂದು ಸಾಕಾಗಿ ಉಳೀತೈತಿ.

ಅಂವ ಹೋಗಲಿಲ್ಲ.
ಡಿಸ್ಟಿಲ್ ನೀರಿನ ಕ್ಯಾನ್ ಎತ್ತಿ ನೋಡಿದ, ಇಟ್ಟ.
"ಮಿರಜದ ಡಾಕ್ಟರ ಒಂದು ಮಷೀನ್ ಕೊಟ್ಟಾನ, ಮೂಗಿಗೆ ಹಚ್ಚೂದು.
ನಿದ್ದಿಯಾಗ ಉಸಿರು ನಿಂದರತೈತಂತ.
ಆಕಿಗೆ ಹೇಳಿಲ್ಲ. ಹೇಳಿದ್ರ ಗಾಡಿ ಹೊರಡೂದ ಇಲ್ಲ.
ಫ್ರಿಜ್ ಅಂತ ಬರಕೊ."
ಎಂಟು ತಾಸಿಗೆ ಇಪ್ಪತ್ತೇಳು. ಬರಕೊಂಡೆ: ಫ್ರಿಜ್.

ಮರುದಿನ ನೀಲವ್ವಕಾಕು ಒಬ್ಬಾಕಿನ,
ಸಂತಿ ಚೀಲದಾಗ ಮೆಂತೆ.
"ನಮ್ಮವರ ಚೀಟಿ ತಗಿ, ಒಂದು ಕೂಡಸು.
ಹಾಸಿಗಿ ಕೆಳಗ ಡಬ್ಬಿ ಮುಚ್ಚಿಟ್ಟಾರ, ನೋಡೇನಿ.
ಎಷ್ಟು ವರ್ಷಾತು ಕತ್ತಲದಾಗ ನಾ ಎಣಸಾಕ ಹತ್ತಿ:
ಹದಿನೈದು, ಹದಿನಾರು, ಹದಿನೇಳು, ಅಲ್ಲಿಗೆ ಉಸಿರು ಹೊಳ್ಳತೈತಿ.
ಒಂದೊಂದು ರಾತ್ರಿ ಇಪ್ಪತ್ತೆರಡಕ್ಕ ನಾನ ಚಿವಟತೇನಿ.
ಅವರಿಗೆ ಗೊತ್ತಾಗೂದು ಬ್ಯಾಡ. ಮಿಕ್ಸರ್ ಅಂತ ಬರಿ."
ಬರದೆ. ಇಪ್ಪತ್ತೇಳು.

ಆಕಿ ಹೋದಮ್ಯಾಲೆ ವಹಿ ತೆರದು ಕುಂತೆ.
ಒಂದ ಉಸಿರು ಎರಡು ಸಲ ಬರದೈತಿ,
ಒಂದು ಹೊಡದು ಹಾಕೂದು ಲೆಕ್ಕದ ಮಾತು.
ಪೆನ್ನು ಎತ್ತಿದೆ ಖರೆ,
ಹೊರಗ ನಮ್ಮೂರ ಮೋಡ:
ಮಳಿ ಕೊಡದ, ಬಿಸಲು ಮಾತ್ರ ಕಸಗೊಳ್ಳೂದು.
ಎರಡು ದಿನಾ ಹಿಂಗ ನಿಂತ್ರ?
ಇರಲಿ ಬಿಡು ಅಂದೆ.
ವ್ಯಾಪಾರ ಅನ್ನೋರು ಅನ್ಲಿ.

ಎಪ್ಪತ್ತನಾಲ್ಕು, ಎರಡರಷ್ಟು ನೂರಾ ನಲವತ್ತೆಂಟು.
ನೂರೈವತ್ತರ ಜೆಲ್, ಬಾಯಿ ಮುಚ್ಚಿದ್ದು.
ಟ್ಯೂಬುಲರ್ ಸೋವಿ, ಆದ್ರ ಚಾರ್ಜಿನಾಗ ಗ್ಯಾಸ್ ಬಿಡತೈತಿ;
ಇಬ್ಬರು ಮಲಗೋ ಜಾಗಾ ಅದು.
ಲಿಥಿಯಂ ಹಗುರ. ಎಸ್‌ಟಿ ಪೆನ್ಶನ್ ಇನ್ನೂ ಹಗುರ.

ಕೂಡಸೋ ದಿನಾ ಇಬ್ಬರೂ ಬಂದ್ರು.
ಅಂವ ಚೀಟಿ ಓದಿ, "ಮಿಕ್ಸರ್ ಯಾಕೈತಿ ಇದರಾಗ?"
ಆಕಿ ಇಣುಕಿ, "ಫ್ರಿಜ್ ಎಲ್ಲೈತಿ ಗಾಡಿಯಾಗ?"
ಆಮ್ಯಾಲೆ ಇಬ್ಬರೂ ನನ್ನ ಕಡೆ.
ನಾ ಕೆಂಪಿಗೆ ಕೆಂಪು, ಕರಿಗೆ ಕರಿ ಹಚ್ಚಿ
ನಟ್ಟು ಬಿಗದು, ವ್ಯಾಸಲೀನ್ ಸವರಿ,
ತಲಿ ಎತ್ತಲಾರದ ಹೇಳಿದೆ:
ಎರಡೂ ಒಂದ ಪ್ಲಗ್ಗಿಗೆ ಹತ್ತತಾವ್ರಿ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ.
ರೊಕ್ಕ ಕೊಟ್ಟಾಕಿ ನೀಲವ್ವಕಾಕು,
ಐನೂರರ ನೋಟು, ಬಟ್ಟಿಗೆ ಉಗುಳು ಹಚ್ಚಿ,
ಹದಿನೈದು, ಹದಿನಾರು, ಹದಿನೇಳು,
ಅಲ್ಲೆ ಒಂಚೂರು ತಡದು
ಅವನ ಮಾರಿ ನೋಡಿ
ಮುಂದ ಎಣಿಸಿದ್ಲು.