ಹನ್ನೊಂದನೆಯ ಫರಸಿ

ಡಬ್ಬಿಯ ಮುಚ್ಚಳ ತಿರುವಿದರೆ ಸ್ಪಿರಿಟ್ಟಿನ ವಾಸನೆ.
ಕೈಗವಸು ಏರಿಸಿ, "ಒಳಗ ಹೋಗ್ರಿ ಎಲ್ಲಾರೂ" ಅಂದೆ.
ಕಲಬುರಗಿ, ರೋಜಾ ಓಣಿ, ಮಾರ್ಚಿಯ ಬೆಳಗು,
ಅಂಗಳಕ್ಕೆ ನಲವತ್ತೆಂಟು ಶಹಾಬಾದಿ ಫರಸಿ,
ಅವುಗಳ ಮೇಲೆ ಅರಿಶಿನ, ಚಹಾ, ಪಾನಿನ ಕಲೆ:
ಜುಬೇದಾ ಆಪಾರ ಮೂವತ್ತು ವರ್ಷದ ಜಮಾಖರ್ಚು.

"ಏನಿದು ಬೇಟಿ, ವಾರ್ನಿಶ್ಶಾ?"
ಅಲ್ಲರಿ. ವಾರ್ನಿಶ್ ಮ್ಯಾಲ ಕೂಡತದ,
ಇದು ಕೈ ಹಿಡೀತದ. ಸಿಲೇನ್ ಅಂತಾರ.
ಒಂದು ಮಗ್ಗಲು ಕಲ್ಲಿನ ಸಂಗಡ ಸಂಬಂಧ,
ಇನ್ನೊಂದು ಮಗ್ಗಲು ನೀರಿಗೆ ಬೆನ್ನು.
"ಹಂಗಾರ ನಮ್ಮ ನಡುವಲ ಸೊಸಿ ಇದ್ದಂಗ!"
ಬಾಗಿಲ ಪರದೆಯ ಹಿಂದೆ
ಯಾರೋ ಪಾತ್ರೆ ಜೋರಾಗಿ ಇಟ್ಟರು.

ಮೇ ತಿಂಗಳಲ್ಲಿ ಫೋನು. "ಬಂದು ನೋಡು."
ಸಂಜೆ ಆರೂವರೆ; ಗೋಡೆಗಳು
ಹಗಲಿನ ಬಿಸಿಯನ್ನು ಇನ್ನೂ ಉಗುಳುತ್ತಿದ್ದವು.
ಆಪಾ ಚೆಂಬು ಎತ್ತಿ ಎರಚಿದರು.
ನೀರು ಗೋಲಿ ಗೋಲಿಯಾಗಿ
ಒಂದನ್ನೊಂದು ಅಟ್ಟಿಕೊಂಡು ಮೋರಿಗೆ ಓಡಿತು.
ಕಲ್ಲು ಕಪ್ಪಾಗಲಿಲ್ಲ.
ಆ ವಾಸನೆ ಏಳಲಿಲ್ಲ.

"ಕಲೆ ಹೋಗಬೇಕು ಅಂದಿದ್ದೆ,
ನೀರು ಕುಡಿಯೋದು ಬಿಡಿಸು ಅಂದಿದ್ನೇನು?
ರಾತ್ರಿ ಹೊರಸು ಎಲ್ಲಿ ಹಾಕಲಿ?"

ಅಂಗಡಿಯಲ್ಲಿ ಇದೇ ಗೋಲಿಯನ್ನು ತೋರಿಸಿ
ಗಿರಾಕಿಗಳಿಗೆ ಮುತ್ತು ಅಂದಿದ್ದೆ ನಾನು.
ಎಂ.ಎಸ್ಸಿ.ಯಲ್ಲಿ ಕಲಿತದ್ದು
ಹನಿ ಕಲ್ಲಿನ ಮೇಲೆ ಕೂರುವ ಕೋನ ಅಳೆಯುವುದು,
ಕೋನ ಹೆಚ್ಚಿದಷ್ಟೂ ಅಂಕ ಹೆಚ್ಚು.
ಗಣಿಯಲ್ಲಿ ಪದರ ಬಿಡಿಸುತ್ತಿದ್ದ ಅಪ್ಪ
ಚೂರೊಂದನ್ನು ಒರೆಸಿ ನಾಲಿಗೆಗೆ ಹಚ್ಚುತ್ತಿದ್ದ.
ಅಂಟಿತೋ, "ಇದಕ್ಕ ನೀರಡಿಕಿ ಅದ, ಅಂಗಳಕ್ಕ ಇರಲಿ."
ಅಂಟದ್ದು ಅಡುಗೆಮನೆಗೆ.
ಅವನ ನಾಲಿಗೆಯ ತುದಿ ಯಾವಾಗಲೂ ಬೂದು.

ಕೆಲಸ ಮಾಡಿದವಳು ನಾನೇ ತಾನೇ,
ಮಂಡಿಯೂರಿ ಒಂದೊಂದಕ್ಕೂ ನೀರು ಚಿಮುಕಿಸಿದೆ.
ಎಂಟು, ಒಂಬತ್ತು, ಹತ್ತು: ಗೋಲಿ.
ಹನ್ನೊಂದನೆಯದು, ನಳದ ಹತ್ತಿರದ್ದು,
ಹನಿಯನ್ನು ಒಂದು ಕ್ಷಣ ಹಿಡಿದಿಟ್ಟುಕೊಂಡಿತು,
ಆಮೇಲೆ ನುಂಗಿತು.
ಕಪ್ಪು ಅಂಚು ಮೆಲ್ಲಗೆ ಅಗಲವಾಯಿತು.

ಸಿಲೇನ್ ಮರಳಿನ ನೆಂಟ;
ಸುಣ್ಣದ ಸಂಗಡ ಅದಕ್ಕೆ ಅಷ್ಟಕ್ಕಷ್ಟೇ.
ಒಂದೇ ಗಣಿಯ ಕಲ್ಲಾದರೂ
ಈ ಫರಸಿಯಲ್ಲಿ ಸುಣ್ಣವೇ ಜಾಸ್ತಿ ಇದ್ದೀತು.
ರಿಪೋರ್ಟಿನಲ್ಲಿ ಇದರ ಮುಂದೆ
'ವಿಫಲ' ಎಂದು ಬರೆಯಬೇಕು.

ಆಪಾ ಇನ್ನೊಂದು ಚೆಂಬು ಸುರಿದರು.
ಚಪ್ಪಲಿ ಬಿಟ್ಟು, ಎರಡೂ ಪಾದ ಊರಿ,
ಕಣ್ಣು ಮುಚ್ಚಿ ನಿಂತರು.
"ಇದೊಂದು ಹೆಂಗ ಮರೆತಿ?"
ಮರೆತಿಲ್ಲರಿ ಅನ್ನಲು ಬಾಯಿ ತೆರೆದೆ.
ಅವರು ಒಂದು ಗೇಣು ಸರಿದು
ನನ್ನ ಕಾಲಿಗೆ ಜಾಗ ಮಾಡಿದರು.