ಮೂರನೇ ಕಿಟಕಿ

ಸಂಸ್ಕೃತಿ ಭವನದ ಬಾಯ್ಲರು ಕೆಟ್ಟಿತ್ತು.
ಕೋಟು ಬಿಚ್ಚದೆಯೇ ಕೂತರು ಎಲ್ಲರೂ,
ಅರವತ್ತೆರಡು ಜನ. ಎಣಿಸಿದ್ದು ನಾನೇ.
ಬರುವ ತಿಂಗಳಿಂದ ಪುರಸಭೆಯ ಮೂರನೇ ಕಿಟಕಿಯಲ್ಲಿ
ನನ್ನ ಬದಲು ಯಂತ್ರವೊಂದು ಮಾತಾಡಲಿದೆ.
ಅದು ಹೇಗಿರಬೇಕು, ಬರೆದುಕೊಡಿ
ಎಂದರು ತ್ಬಿಲಿಸಿಯಿಂದ ಬಂದವರು.
ಚೀಟಿ ಹಂಚುವ ಕೆಲಸವೂ ನನ್ನದೇ.
ಪೆನ್ಸಿಲ್ಲು ಇದ್ದದ್ದು ಹದಿನೈದು.

ಒತಿಯಾ ಬರೆದ: ಬೇಗ ಹೇಳಲಿ,
ನನ್ನ ಮೊಣಕಾಲು ಕಾಯುವುದಿಲ್ಲ.
ದಾದಿ ನಾಜಿಬ್ರೋಲಾ: ಗೊತ್ತಿಲ್ಲದಿದ್ದರೆ
ಗೊತ್ತಿಲ್ಲ ಅನ್ನಲಿ. ಅಷ್ಟು ಕಲಿಯೋಕೆ
ನಮ್ಮ ಡಾಕ್ಟರಿಗೆ ನಲವತ್ತು ವರ್ಷ ಹಿಡಿಯಿತು.
ಹೆಸರು ಬರೆಯದ ಹುಡುಗ, ಅಕ್ಷರ ನನಗೆ ಗೊತ್ತು:
ನಾನು ಕೇಳಿದ್ದನ್ನು ಅಮ್ಮನಿಗೆ ಹೇಳಬಾರದು.
ಅವನಮ್ಮ, ಎರಡು ಕುರ್ಚಿ ಆಚೆ:
ಮಗ ಏನು ಕೇಳಿದ ಅಂತ ಹೇಳಬೇಕು.
ಎರಡು ಚೀಟಿಗೂ ಒಂದೇ ಪೆನ್ಸಿಲ್ಲು.

ನನ್ನಜ್ಜಿಯ ಮೆಗ್ರೆಲ್ ಮಾತಿಗೆ ನಗಬಾರದು.
ಗಣಿ ಕಂಪನಿಯ ಪರ ವಹಿಸಬಾರದು. ಇದನ್ನು ಬರೆದು ಒರೆಸಿದ್ದಾರೆ;
ಒತ್ತಿದ ಗುರುತು ಬೆಳಕಿಗೆ ಹಿಡಿದರೆ ಕಾಣುತ್ತದೆ.

ಸುಳ್ಳು ಬೇಡ: ನಲವತ್ತೊಂದು ಚೀಟಿ.
ಮನಸ್ಸು ನೋಯಿಸುವುದು ಬೇಡ: ಮೂವತ್ತೆಂಟು.
ಎರಡೂ ಬೇಕೆಂದವರೇ ಹೆಚ್ಚು.
ಎರಡೂ ಒಟ್ಟಿಗೆ ಹೇಗೆಂದು
ಹತ್ತೊಂಬತ್ತು ವರ್ಷ ಕಿಟಕಿಯಲ್ಲಿ ಕೂತ ನನಗೂ ತಿಳಿಯದು.
ಗುರಾಮನ ಕಡತ ಕಳೆದುಹೋಗಿತ್ತು,
ಅವನ ಶ್ವಾಸಕೋಶದ ಕಾಗದಗಳಿದ್ದ ಕಡತ.
ಸೋಮವಾರ ಬನ್ನಿ, ಎಂದೆ. ನಗುತ್ತಲೇ ಎಂದೆ.
ಎಷ್ಟು ಸೋಮವಾರ.

ಝುಝುನಾ ಚೀಟಿ ಮುಟ್ಟಲಿಲ್ಲ. ಎದ್ದು ನಿಂತಳು.

“ಮೂವತ್ತೊಂದು ವರ್ಷ ರೋಪ್‌ವೇ ಗುಂಡಿ ಒತ್ತಿದವಳು ನಾನು.
ಗಾಳಿ ಜೋರಾದರೆ ನಿಲ್ಲಿಸುತ್ತಿದ್ದೆ.
ಕೆಳಗೆ ಪಾಳಿ ತಪ್ಪಿದ ಗಂಡಸರು
ನನ್ನ ತಾಯಿಯ ಹೆಸರೆತ್ತಿ ಬೈಯುತ್ತಿದ್ದರು.
ಒಮ್ಮೆ ಮ್ಯಾನೇಜರೇ ಫೋನು ಮಾಡಿ ಒತ್ತು ಅಂದ.
ಫೋನು ಮೇಜಿನ ಮೇಲಿಟ್ಟು ಸ್ವೆಟರು ಹೆಣೆದೆ.
ನಿಮ್ಮ ಯಂತ್ರ ಬೈಸಿಕೊಳ್ಳುತ್ತದಾ?
ಅಥವಾ ಯಾರೇ ಕೇಳಲಿ ಹೂಂ ಹೂಂ ಎಂದು
ಗೋಣು ಹಾಕುತ್ತದಾ?
ನಾನು ತಪ್ಪಿದ್ದೂ ಉಂಟು ಅನ್ನಿ.
ಹೆದರಬೇಕಿಲ್ಲದ ಗಾಳಿಗೆ ಹೆದರಿ ನಿಲ್ಲಿಸಿದ ದಿನ
ಒಬ್ಬಳ ಹೆರಿಗೆ ಡಬ್ಬಿಯೊಳಗೇ ಆಯಿತು,
ನಡು ಆಕಾಶದಲ್ಲಿ.
ಆ ಮಗು ಇಲ್ಲೇ ಕೂತಿದೆ ನೋಡಿ.”

ಹಿಂದಿನ ಸಾಲಲ್ಲಿ ಬೇಕರಿಯ ತಾತುಲಿ ಕೈ ಎತ್ತಿದಳು.
ಕೋಟುಗಳೆಲ್ಲ ಕುಲುಕಿ ನಕ್ಕವು.

ಇದು ಯಾವ ಕಾಲಮ್ಮಿಗೆ ಹೋಗುತ್ತದೆ, ಎಂದು
ತ್ಬಿಲಿಸಿಯ ಹುಡುಗ ನನ್ನ ಕಿವಿಯಲ್ಲಿ ಕೇಳಿದ.
ಅವನ ಬಳಿ ಇದ್ದದ್ದು ವೇಗ, ವಿನಯ, ನಿಖರತೆ.
ಆಮೇಲೆ ತಾನೇ ‘ಇತರೆ’ ಎಂದು ಒತ್ತಿದ.

ಈಗ ರಾತ್ರಿ. ಚೀಟಿಗಳನ್ನು ಟೈಪು ಮಾಡುತ್ತಿದ್ದೇನೆ.
ಒತಿಯಾನ ಕಾಗುಣಿತ ತಿದ್ದಿದೆ, ಮತ್ತೆ ತಪ್ಪಾಗಿಯೇ ಬಿಟ್ಟೆ.
ಒಂದು ಚೀಟಿ ಖಾಲಿ ಉಳಿದಿತ್ತು.
ಬರೆದೆ: ಗುರಾಮ್ ಬಂದರೆ
ಕಡತ ಕಳೆದದ್ದು ನಮ್ಮಿಂದಲೇ ಎಂದು ಹೇಳು.
ಸೋಮವಾರ ಎನ್ನಬೇಡ.

ಓದಿದೆ. ಬರೆದದ್ದು ಸರಿಯಾಗಿಯೇ ಇತ್ತು.
ಡಬ್ಬಿಗೆ ಹಾಕಲು ಕೈ ಬರಲಿಲ್ಲ.
ಕೋಟಿನ ಜೇಬಿಗಿಟ್ಟುಕೊಂಡೆ.
ಅವನ ಮನೆ ಮೇಲಿನ ನಿಲ್ದಾಣ ಇಳಿದು ಎರಡನೇ ಗೇಟು.
ಹೊರಗೆ ಗಾಳಿ ಎದ್ದಿದೆ.
ಬೆಳಿಗ್ಗೆ ರೋಪ್‌ವೇ ಬಿಡುತ್ತಾರೋ ಇಲ್ಲವೋ.
ಮೆಟ್ಟಿಲಾದರೆ ಆರುನೂರ ಚಿಲ್ಲರೆ.