ಏರು ಜಾಸ್ತಿ

ಚೀಟಿ ಕಂಪನಿಯವರು ಕೊಟ್ಟ ಡೈರಿ,
ರಾಹುಕಾಲದ ಪಕ್ಕ ನಾಲ್ಕು ಬೆರಳು ಖಾಲಿ ಜಾಗ.
ಅಲ್ಲಿ ಬರೆಯುತ್ತೇನೆ: ಟ್ಯಾಂಕು ಫುಲ್ಲು, ಮೀಟರು ಇಷ್ಟು,
ಮತ್ತೆ ಫುಲ್ಲು, ಮೀಟರು ಇಷ್ಟು.
ಭಾಗಿಸಿದರೆ ಲೀಟರಿಗೆ ಏಳೂ ಚಿಲ್ಲರೆ.

ಎಮ್ಮೆ ಕಟ್ಟಿದ ಮನೆ ನಮ್ಮದು, ನಾಯಂಡಹಳ್ಳಿಯಲ್ಲಿ,
ಮೆಟ್ರೋ ಕಂಬಗಳು ಹುಟ್ಟುವ ಎಷ್ಟೋ ಮೊದಲು.
ಹಿಂಡಿಗೆಷ್ಟು, ಹಾಲಿಗೆಷ್ಟು ಅಂತ
ಗೋಡೆಗೆ ಇದ್ದಿಲಲ್ಲಿ ಗೀಟು ಎಳೆಯುತ್ತಿದ್ದಳು ನಮ್ಮವ್ವ.
ಕೊಟ್ಟಿಗೆಯ ಜಾಗದಲ್ಲೀಗ ಹದಿನೇಳು ಸೀಟಿನ ವ್ಯಾನು.
ಅದೂ ಹಾಗೇ. ತಿಂದಿದ್ದು ಗೊತ್ತಾಗುತ್ತದೆ,
ಕೊಟ್ಟಿದ್ದು ಗೊತ್ತಾಗುವುದಿಲ್ಲ.

ಪಾಪಣ್ಣನಿಗೆ ಹೇಳಿದೆ
(ನನ್ನ ಗಂಡ; ಹೆಸರು ಹಿಡಿದು ಕರೆಯುವ ವಯಸ್ಸು ಬಂದಾಯ್ತು ನನಗೆ):
ಮೇಲಿನ ಕ್ಯಾರಿಯರ್ ಬಿಚ್ಚು.
ಹಾಸಿಗೆ ಸುತ್ತಿಕೊಂಡು ಟ್ರಿಪ್ಪಿಗೆ ಬರುವವರು ಯಾರೂ ಉಳಿದಿಲ್ಲ,
ಬರೀ ಗಾಳಿ ಹೊತ್ತು ತಿರುಗುತ್ತಿದ್ದೀಯ.
ಬಿಚ್ಚಿದ. ಅದರ ಮೇಲೆ ಈಗ ನನ್ನ ಹೀರೇಬಳ್ಳಿ.
ಆಮೇಲೆ ಕೆಟ್ಟ ಟೀವಿ, ಅದರ ಸ್ಪೀಕರು,
ಯಾವುದೋ ಮದುವೆಯವರು ಮರೆತ ಕೊಳದಪ್ಪಲೆ,
ಕೊನೆಗೆ, ನಿಂತಾಗ ಚಕ್ರಕ್ಕೆ ಕೊಡುವ ಗುಂಡುಕಲ್ಲು,
ನಮ್ಮವ್ವನ ಒರಳಿನದು.
"ಅದಿರಲಿ" ಅಂದ. "ಹ್ಯಾಂಡ್‌ಬ್ರೇಕು ನಂಬೋ ಹಂಗಿಲ್ಲ."

ಕಲಾಸಿಪಾಳ್ಯದಲ್ಲಿ ಜಲೀಲ್ ಭಾಯಿ ಜಾಕ್ ಕೊಟ್ಟು
ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದ.
ಕಾಲು ಸುತ್ತು ತಿರುಗಿ ನಿಂತಿತು.
"ನೋಡಕ್ಕಾ, ಕೇಬಲ್ಲು ತುಕ್ಕು ಹಿಡಿದೈತೆ.
ಹಿಡ್ಕೊಳ್ಳೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ."
ನಾನು ಪಾಪಣ್ಣನ ಕಡೆ ನೋಡಿದೆ.
ಪಾಪಣ್ಣ ಬಸ್‌ಸ್ಟ್ಯಾಂಡಿನ ಕಡೆ ನೋಡಿದ.
ಕೇಬಲ್ಲು, ಲೈನರು, ಏರ್ ಫಿಲ್ಟರು, ಟಯರಿಗೆ ಸರಿಯಾದ ಗಾಳಿ:
ಎರಡು ಸಾವಿರದ ಆರುನೂರು. ಟೀ ಅವನದೇ.

ಒಂದು ದಿನ ಪಕ್ಕದ ಸೀಟಲ್ಲಿ ಕೂತು ಹೋದೆ, ಗೋರಗುಂಟೆಪಾಳ್ಯದವರೆಗೆ.
ಈ ಊರು ಸಪಾಟು ಅಂತಲೇ ತಿಳಿದಿದ್ದೆ ಇಷ್ಟು ವರ್ಷ.
ಅಲ್ಲ.
ಸುಮನಹಳ್ಳಿ ದಾಟಿದರೆ ಇಂಜಿನ್ನಿನ ದನಿಯೇ ಬೇರೆ,
ಲಗ್ಗೆರೆಯಲ್ಲಿ ಅದು ಕೆಮ್ಮುತ್ತದೆ.
ಬೆಳಿಗ್ಗೆ ಹದಿನಾರು ಹೆಂಗಸರು, ಅವರ ಬುತ್ತಿ, ಪೂರ್ತಿ ಏರು;
ಸಂಜೆ ಮನೆಗೆ ಇಳಿತ.
ವೃಷಭಾವತಿಯ ಕಡೆಗೆ ನೀರು ಯಾವ ದಾರಿ ಹಿಡಿಯಿತೋ
ಅದೇ ದಾರಿ ಹಿಡಿಯುತ್ತದೆ ನಮ್ಮ ವ್ಯಾನೂ,
ಮೂಗು ಮುಚ್ಚಿಕೊಂಡು.
"ನ್ಯೂಟ್ರಲ್ ಹಾಕ್ಬೇಡ, ಗೇರಲ್ಲೇ ಇಳಿ" ಅಂದೆ, ಜಲೀಲ್ ಹೇಳಿದ್ದು.
ತಲೆ ಮೇಲೆ ತುಂಬಿದ ಹಾಲಿನ ಕ್ಯಾನು ಇದ್ದವನ ಹಾಗೆ ಓಡಿಸಿದ.
ನೊರೆ ಕೂಡ ಚೆಲ್ಲಲಿಲ್ಲ.

ಮಾರ್ಚಿಯಲ್ಲಿ ಹತ್ತೂ ಚಿಲ್ಲರೆ!
ಪಕ್ಕದ ಮನೆಯವರಿಗೂ ಡೈರಿ ತೋರಿಸಿದೆ,
ಅವರಿಗೆ ಏನೂ ಅರ್ಥವಾಗಲಿಲ್ಲ, ಸಂತೋಷಪಟ್ಟರು.

ಏಪ್ರಿಲ್ಲಲ್ಲಿ ಒಂಬತ್ತೂಕಾಲು.

ಬಂಕಿನವನ ಮೇಲೆ ಅನುಮಾನ ಬಂತು. ಆಮೇಲೆ ಜಲೀಲ್ ಮೇಲೆ.
ಆಮೇಲೆ, ಯಾಕೆ ಸುಳ್ಳು ಹೇಳಲಿ, ಪಾಪಣ್ಣನ ಮೇಲೆ.
ಸೊಪ್ಪಿನ ಗಾಡಿ ಹತ್ತಿರ ಸಿಕ್ಕಿದ ವೀರಭದ್ರಮ್ಮ,
ಕಾಲರ್ ಸೆಕ್ಷನ್ನಿನವಳು, ತಾನಾಗಿ ಹೇಳಿದಳು:
"ಓಟಿ ಇದ್ದ ದಿನ ಗೇಟಲ್ಲಿ ಏಸಿ ಹಾಕ್ಕಂಡೇ ಕಾಯ್ತಾರೆ ಅಣ್ಣ.
ಹತ್ತಿದ ತಕ್ಷಣ ಹೊರಡಲ್ಲ.
ಕಾಲು ನೀಡಿ, ಒಂದು ನಿಮಿಷ ಕಣ್ಣು ಮುಚ್ಚಿ, ಆಮೇಲೆ ಹೋಗಾಣ ಅಂತಾರೆ.
ನಾನು ಕಣ್ಣು ಬಿಡೋದು ನಾಯಂಡಹಳ್ಳೀಲೇ."

ದಿನಕ್ಕೆ ಅರ್ಧ ಲೀಟರು. ಇಪ್ಪತ್ತಾರು ದಿನ.
ಸಾವಿರದ ನೂರೆಪ್ಪತ್ತು, ಸೊಪ್ಪು ಕಟ್ಟಿಸಿಕೊಳ್ಳುವಾಗಲೇ ಲೆಕ್ಕ ಹಾಕಿದೆ.
ಮನೆಯವರೆಗೂ ಅದನ್ನೇ ಕೂಡಿ ಕಳೆದು
ಬೈಯಲು ಮಾತು ಜೋಡಿಸಿಕೊಂಡು ಬಂದೆ.

ರಾತ್ರಿ, ಫ್ಯಾನು ನೋಡುತ್ತಾ ಮಲಗಿದ್ದವನು ಕೇಳಿದ,
"ಎಷ್ಟು ಬಂತು?"
"ಒಂಬತ್ತೂಕಾಲು."
"ಯಾಕಂತೋ."

ಡೈರಿಯಲ್ಲಿ ಅದಕ್ಕೊಂದು ಮನೆ ಗೀಚಿ ಬರೆದೆ:
ಏರು ಜಾಸ್ತಿ.
ಬಗ್ಗಿ ಓದಿದ. ಸಂಜೆ ಬರುವಾಗ ಇಳಿತ
ಅಂತ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.